ಬ್ಯಾಕ್ಟೀರಿಯಾ ಬೆರೆಸಿದರೂ ಹಂದಿಗಳು ಸುಧಾರಿಸುತ್ತಿಲ್ಲವೇ? ಬೂಷ್ಟು ವಿಷದ ದೋಷ ಪತ್ತೆ ಕೈಪಿಡಿ

ಧಾನ್ಯದ ಬೂಷ್ಟು ಸುರಿಸುವ ವಿಷವನ್ನು ಒಡೆಯಲೆಂದು ಬ್ಯಾಕ್ಟೀರಿಯಾ ಪುಡಿಯನ್ನು ಹಂದಿಗಳ ಆಹಾರಕ್ಕೆ ಬೆರೆಸಿ ಎರಡು ವಾರವಾಗಿದೆ. ಹಂದಿಗಳು ಇನ್ನೂ ತೊಟ್ಟಿಯ ಹತ್ತಿರ ಬಂದು ಮೂಸಿ, ನಾಲ್ಕು ಬಾಯಿ ತಿಂದು ಹಿಂದೆ ಸರಿಯುತ್ತವೆ. ಇಲ್ಲವೇ, ಎರಡು ತಿಂಗಳ ಹೆಣ್ಣು ಮರಿಗಳ ಯೋನಿದ್ವಾರ ಕೆಂಪಗೆ ಊದಿದ್ದು ಇಳಿದೇ ಇಲ್ಲ. ಆಗ ಬರುವ ಮೊದಲ ಮಾತು, "ಈ ಪುಡಿಯಲ್ಲಿ ಏನೂ ಇಲ್ಲ" ಎಂಬುದು. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಹೆಚ್ಚಿನ ಸಲ ಪುಡಿ ಚೆನ್ನಾಗಿಯೇ ಇರುತ್ತದೆ. ತನಗೆ ಸಂಬಂಧವೇ ಇಲ್ಲದ ವಿಷದ ಮೇಲೆ ಅದನ್ನು ಬಿಟ್ಟಿರುತ್ತಾರೆ, ಅಥವಾ ಅದು ಹಂದಿಯ ಹೊಟ್ಟೆ ಸೇರುವ ಮೊದಲೇ ಸತ್ತಿರುತ್ತದೆ.

ಹುಡುಕಾಟಕ್ಕೆ ಒಂದು ಕ್ರಮ ಇರಲಿ. ತೊಂದರೆ ಬೂಷ್ಟಿನ ವಿಷದಿಂದಲೇ ಬಂದದ್ದೇ? ಹೌದಾದರೆ ಯಾವ ವಿಷ? ಆ ವಿಷವನ್ನು ಒಡೆಯುವ ಶಕ್ತಿ ಈ ಬ್ಯಾಕ್ಟೀರಿಯಾಕ್ಕೆ ಇದೆಯೇ? ಅದು ಜೀವಂತವಾಗಿ ಹೊಟ್ಟೆ ಸೇರುತ್ತಿದೆಯೇ? ಸೇರಿದ ಮೇಲೆ ವಿಷ ಏನಾಗುತ್ತಿದೆ? ಮೊದಲ ಪ್ರಶ್ನೆಗಳಿಗೆ ಕಣ್ಣು, ಬಕೆಟ್ಟು, ತಕ್ಕಡಿ ಸಾಕು. ಕೊನೆಯವಕ್ಕೆ ಲ್ಯಾಬ್ ಖರ್ಚು ಬೇಕು. ಆದ್ದರಿಂದ ಮೇಲಿನಿಂದಲೇ ಶುರು ಮಾಡಿ.

ಮೊದಲು ನೀರು, ಆಮೇಲೆ ವಿಷ

ಹಂದಿ ತಿನ್ನುವುದನ್ನು ಬಿಡಲು ನೂರು ಕಾರಣ. ಅದರಲ್ಲಿ ಮೊದಲನೆಯದು ನೀರು. ಹಂದಿಗಳು ನೀರು ಕುಡಿಯುವ ನಿಪ್ಪಲ್‌ಗೆ ಒಂದು ಅಳತೆ ಪಾತ್ರೆ ಹಿಡಿದು ಒಂದು ನಿಮಿಷ ಬಿಟ್ಟು ನೋಡಿ. ಬೆಳೆಯುವ ಹಂದಿಗಳಿಗೆ ನಿಮಿಷಕ್ಕೆ ಒಂದು ಲೀಟರಿನ ಆಸುಪಾಸು ಬರಬೇಕು. ಅರ್ಧಕ್ಕಿಂತ ಕಡಿಮೆ ಬಂದರೆ ಲ್ಯಾಬ್ ಮಾತು ಆಮೇಲೆ. ಕೆಟ್ಟ ವಾಸನೆಗೆ ತಿರುಗಿದ ಎಣ್ಣೆ, ಬಿಸಿಲಿನ ಝಳ, ಜ್ವರ, ಕೆಮ್ಮು ಇವನ್ನೂ ನೋಡಿಬಿಡಿ. ವಾಂತಿ, ಭೇದಿ ಒಟ್ಟಿಗೆ ಬಂದು, ಒಂದು ಪೆನ್ನಿನಿಂದ (ಹಂದಿಗಳನ್ನು ಕೂಡಿಡುವ ಅಂಕಣ) ಇನ್ನೊಂದಕ್ಕೆ ದಿನದಿಂದ ದಿನಕ್ಕೆ ಹರಡುತ್ತಿದ್ದರೆ ಅದು ಸೋಂಕಿನ ನಡೆ, ಪಶುವೈದ್ಯರನ್ನು ಕರೆಸಿ. ವಿಷ ಹಾಗೆ ಹರಡುವುದಿಲ್ಲ. ಹೊಸ ಲೋಡು ತೊಟ್ಟಿಗೆ ಬಿದ್ದ ಮೇಲೆ, ಅದನ್ನು ತಿಂದ ಎಲ್ಲ ಪೆನ್ನುಗಳಲ್ಲೂ ಒಟ್ಟಿಗೆ ಕಾಣಿಸಿಕೊಳ್ಳುತ್ತದೆ.

ಈ ಹಂತದಲ್ಲಿ ಮಾಡಬಹುದಾದ ಅತ್ಯಂತ ಒಳ್ಳೆಯ ಪರೀಕ್ಷೆಗೆ ಖರ್ಚೇ ಇಲ್ಲ. ಒಂದು ಪೆನ್ನಿಗೆ ಬೇರೆ ಮೂಲದ, ಶುದ್ಧವೆಂದು ಗೊತ್ತಿರುವ ಧಾನ್ಯದ ಆಹಾರ ಹಾಕಿ. ಪಕ್ಕದ ಪೆನ್ನಿಗೆ ಹಳೆಯದೇ ಇರಲಿ. ಎರಡೂ ಕಡೆ ಹಾಕಿದ್ದನ್ನೂ ಉಳಿದದ್ದನ್ನೂ ತೂಗಿ ಬರೆದಿಡಿ. ಸಮಸ್ಯೆ ಡಿಯಾಕ್ಸಿನಿವಾಲೆನಾಲ್ ಎಂಬ ವಿಷದ್ದಾದರೆ ಆಹಾರ ಬದಲಿಸಿದ ಕೆಲವೇ ದಿನಗಳಲ್ಲಿ ತಿನ್ನುವುದು ಸರಿಹೋಗುತ್ತದೆ. ಆ ವಿಷವನ್ನು ಎಲ್ಲರೂ ಡಾನ್ ಎಂದೇ ಕರೆಯುತ್ತಾರೆ, ಇಲ್ಲೂ ಹಾಗೇ ಬರೆಯುತ್ತೇನೆ. ಒಂದು ವಾರವಾದರೂ ಎರಡು ಪೆನ್ನುಗಳ ನಡುವೆ ವ್ಯತ್ಯಾಸವೇ ಕಾಣದಿದ್ದರೆ ಡಾನ್ ಮೇಲಿನ ಅನುಮಾನ ಬಿಟ್ಟು ಬೇರೆ ಕಡೆ ಹುಡುಕಿ.

ಯಾವ ವಿಷ ಎಂಬುದಕ್ಕೆ ಹಂದಿಯೇ ಕೊಡುವ ಸುಳಿವು

ಡಾನ್ ಹೊಲದಲ್ಲೇ ಗೋಧಿ, ಮೆಕ್ಕೆಜೋಳಗಳ ತೆನೆಗೆ ಬರುವ ಫ್ಯುಸೇರಿಯಂ ಬೂಷ್ಟಿನದು. ಆಹಾರದಲ್ಲಿ ಒಂದು ಪಿಪಿಎಂ (ಕಿಲೋಗೆ ಒಂದು ಮಿಲಿಗ್ರಾಂ) ಹತ್ತಿರ ಬಂದರೆ ಸಾಕು, ಹಂದಿ ಕಡಿಮೆ ತಿನ್ನತೊಡಗುತ್ತದೆ. ಹತ್ತು ದಾಟಿದರೆ ಹೆಚ್ಚುಕಡಿಮೆ ಬಿಟ್ಟೇಬಿಡುತ್ತದೆ; ಇನ್ನೂ ಮೇಲೆ ಹೋದರೆ ವಾಂತಿ. ಅದೇ ಬೂಷ್ಟು ಝಿಯರಲೆನೋನನ್ನೂ ಮಾಡುತ್ತದೆ. ಇದು ಹಂದಿಯ ದೇಹದಲ್ಲಿ ಹೆಣ್ಣು ಹಾರ್ಮೋನಿನಂತೆ ನಟಿಸುತ್ತದೆ. ಬೆದೆಗೆ ಬರುವ ವಯಸ್ಸೇ ಆಗದ ಮರಿಗಳ ಯೋನಿದ್ವಾರ ಊದುವುದು, ಯೋನಿ ಅಥವಾ ಗುದನಾಳ ಹೊರಜಾರುವುದು, ತಾಯಿ ಹಂದಿ ಗಬ್ಬವಿಲ್ಲದೆಯೂ ಬೆದೆಗೆ ಬಾರದಿರುವುದು ಇದರ ಗುರುತುಗಳು. ಡಾನ್‌ನಂತೆ ಇದು ಬೇಗ ಇಳಿಯುವುದಿಲ್ಲ. ಆಹಾರ ಬದಲಿಸಿದ ಮೇಲೂ ಊತ ಇಳಿಯಲು ಒಂದರಿಂದ ನಾಲ್ಕು ವಾರ ಹಿಡಿಯುತ್ತದೆ. ಎಂಟನೇ ದಿನಕ್ಕೇ "ಊತ ಇಳಿದಿಲ್ಲ, ಬ್ಯಾಕ್ಟೀರಿಯಾ ಸೋತಿತು" ಎಂದು ತೀರ್ಪು ಕೊಡುವವರು ಈ ಲೆಕ್ಕ ಇಟ್ಟುಕೊಳ್ಳಬೇಕು.

ಉಳಿದವು ಬೇಗ ಹೇಳುತ್ತೇನೆ. ಹಂದಿ ಸಿಕ್ಕಾಪಟ್ಟೆ ನೀರು ಕುಡಿದು ಸಿಕ್ಕಾಪಟ್ಟೆ ಮೂತ್ರ ಮಾಡುತ್ತಿದ್ದು, ಕೊಯ್ದಾಗ ಮೂತ್ರಪಿಂಡ ಬಿಳಿಚಿ ಉಬ್ಬಿದ್ದರೆ ಓಕ್ರಟಾಕ್ಸಿನ್. ಬೆಳವಣಿಗೆ ಕುಂಠಿತ, ಯಕೃತ್ತಿನ ಹಾನಿ, ಕಾಮಾಲೆ, ರಕ್ತಸ್ರಾವ ಕಂಡರೆ ಅಫ್ಲಾಟಾಕ್ಸಿನ್. ಭಾರೀ ಪ್ರಮಾಣದ ಫ್ಯುಮೋನಿಸಿನ್ ಶ್ವಾಸಕೋಶದಲ್ಲಿ ನೀರು ತುಂಬಿಸಿ ಉಸಿರುಗಟ್ಟಿಸುತ್ತದೆ. ಒಂದೇ ಧಾನ್ಯದಲ್ಲಿ ಎರಡು ಮೂರು ವಿಷ ಕೂಡಿರುವುದೂ ಸಾಮಾನ್ಯ. ಲಕ್ಷಣ ದಿಕ್ಕು ತೋರಿಸುತ್ತದೆ, ಅಷ್ಟೇ. ಹೆಸರು ಖಚಿತವಾಗಬೇಕಾದರೆ ಲ್ಯಾಬ್ ವರದಿಯೇ ಬೇಕು.

ಆ ವರದಿ ನಂಬುವಂತಿರಬೇಕಾದರೆ ಸ್ಯಾಂಪಲ್ ಸರಿ ಇರಬೇಕು. ಬೂಷ್ಟು ರಾಶಿಯಲ್ಲಿ ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ. ಒಂದು ಮೂಲೆಯಲ್ಲಿ ವಿಪರೀತ, ಎರಡು ಅಡಿ ಆಚೆ ಶೂನ್ಯ. ಚೀಲದ ಬಾಯಿಂದ ಒಂದು ಹಿಡಿ ತೆಗೆದು ಕಳಿಸಿದರೆ ಬರುವ ಸಂಖ್ಯೆ ಲಾಟರಿ ಟಿಕೆಟ್ಟಿನಷ್ಟೇ ಭರವಸೆಯದು. ಧಾನ್ಯ ಇಳಿಯುವಾಗ, ಹರಿವಿನ ಆರಂಭದಿಂದ ಕೊನೆಯವರೆಗೆ ಹಲವು ಸಲ ತೆಗೆದು ಕೂಡಿಸಿ. ಕೂಡಿಸಿದ ಅಷ್ಟನ್ನೂ ನುಣ್ಣಗೆ ಬೀಸಿ, ಕಲಸಿ, ಆಮೇಲೆ ಅದರಿಂದ ಲ್ಯಾಬ್‌ಗೆ ಬೇಕಾದಷ್ಟು ತೆಗೆಯಿರಿ. ಬೀಸುವ ಮೊದಲೇ ಪಾಲು ಮಾಡಿದರೆ ಶ್ರಮವೆಲ್ಲ ವ್ಯರ್ಥ.

ಸಂಖ್ಯೆ ಕೈಗೆ ಬಂದ ಮೇಲೆ ಹೋಲಿಸಲು ಒಂದು ಅಳತೆಗೋಲು ಬೇಕಲ್ಲ? ಐರೋಪ್ಯ ಒಕ್ಕೂಟ 2006ರಲ್ಲಿ ಕೊಟ್ಟ ಮಾರ್ಗದರ್ಶಿ ಮೌಲ್ಯಗಳು ಉಪಯೋಗಕ್ಕೆ ಬರುತ್ತವೆ. ಹಂದಿಯ ಪೂರ್ಣ ಆಹಾರದಲ್ಲಿ ಡಾನ್ ಕಿಲೋಗೆ 0.9 ಮಿಲಿಗ್ರಾಂ. ಝಿಯರಲೆನೋನ್ ಮರಿಗಳಿಗೂ ಮೊದಲ ಸಲ ಬೆದೆಗೆ ಬರುವ ಹೆಣ್ಣು ಹಂದಿಗಳಿಗೂ 0.1, ತಾಯಿ ಹಂದಿಗೂ ಕೊಬ್ಬಿಸುವ ಹಂದಿಗೂ 0.25. ಓಕ್ರಟಾಕ್ಸಿನ್ 0.05. ಫ್ಯುಮೋನಿಸಿನ್ ಬಿ1, ಬಿ2 ಎರಡೂ ಸೇರಿ 5. ಮಿಲಿಗ್ರಾಂ ಪ್ರತಿ ಕಿಲೋ ಎಂದರೂ ಪಿಪಿಎಂ ಎಂದರೂ ಒಂದೇ. ಕೆಲವು ವರದಿಗಳು ಪಿಪಿಬಿಯಲ್ಲಿ ಬರುತ್ತವೆ, ಆಗ ಸಾವಿರದಿಂದ ಭಾಗಿಸಿಕೊಳ್ಳಿ. 250 ಪಿಪಿಬಿ ನೋಡಿ ಗಾಬರಿಯಾಗುವವರೂ ಇದ್ದಾರೆ, 2.5 ಪಿಪಿಎಂ ನೋಡಿ ನೆಮ್ಮದಿಯಾಗುವವರೂ ಇದ್ದಾರೆ.

ಈ ವಿಷಕ್ಕೆ ಈ ಬ್ಯಾಕ್ಟೀರಿಯಾ ಸಲ್ಲುತ್ತದೆಯೇ?

ದೋಷ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿಯೇ. "ಎಲ್ಲ ಬೂಷ್ಟು ವಿಷಕ್ಕೂ ಒಂದೇ ಪರಿಹಾರ" ಎಂದು ಬರೆದ ಲೇಬಲ್ ಕಂಡರೆ ನಾನು ಅನುಮಾನದಿಂದಲೇ ಶುರು ಮಾಡುತ್ತೇನೆ. ಪ್ರತಿ ವಿಷದ ಅಣುವಿಗೂ ತನ್ನದೇ ಆದ ಅಪಾಯದ ಜಾಗವಿದೆ, ಅದನ್ನು ಮುರಿಯುವ ಕಿಣ್ವ ಬೇರೆ ಬೇರೆ.

ಡಾನ್‌ನಲ್ಲಿ ಆ ಜಾಗ ಎಪಾಕ್ಸೈಡ್ ಎಂಬ ಪುಟ್ಟ ಮೂರು ಮೂಲೆಯ ಉಂಗುರ. ಅದು ಜೀವಕೋಶದ ರೈಬೋಸೋಮಿಗೆ ಅಂಟಿ ಪ್ರೋಟೀನ್ ತಯಾರಿಯನ್ನು ನಿಲ್ಲಿಸುತ್ತದೆ. ಹಸುಗಳು ಡಾನ್ ತಿಂದರೂ ಹಂದಿಯಷ್ಟು ಕಂಗೆಡುವುದಿಲ್ಲ. ಅವುಗಳ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಉಂಗುರವನ್ನು ಬಿಚ್ಚಿ ಡಾಮ್-1 ಎಂಬ ನಿರುಪದ್ರವಿ ರೂಪಕ್ಕೆ ತರುತ್ತವೆ. ಹಸುವಿನ ಆ ಹೊಟ್ಟೆಯ ದ್ರವದಿಂದಲೇ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾವನ್ನು ಐರೋಪ್ಯ ಒಕ್ಕೂಟ 2013ರಲ್ಲಿ ಹಂದಿ ಆಹಾರದ ಸೇರ್ಪಡೆಯಾಗಿ ಒಪ್ಪಿತು. ಡಿಎಸ್ಎಂ 11798 ಎಂಬುದು ಅದರ ಸಂಗ್ರಹ ಸಂಖ್ಯೆ. ಡೆವೋಸಿಯಾ ಎಂಬ ಮಣ್ಣಿನ ಬ್ಯಾಕ್ಟೀರಿಯಾಗಳ ದಾರಿ ಬೇರೆ. ಅವು ಉಂಗುರವನ್ನು ಮುಟ್ಟದೆ, ಅಣುವಿನ ಇನ್ನೊಂದು ತುದಿಯ ಒಂದು ಗುಂಪಿನ ದಿಕ್ಕನ್ನು ತಿರುಗಿಸಿ ವಿಷದ ಬಲವನ್ನು ತೀರಾ ಕುಗ್ಗಿಸುತ್ತವೆ.

ಝಿಯರಲೆನೋನ್‌ಗೆ ಉಂಗುರ ಒಡೆಯುವ ಬೇರೆಯೇ ಕಿಣ್ವ ಬೇಕು. ಅದರ ದೊಡ್ಡ ಲ್ಯಾಕ್ಟೋನ್ ಉಂಗುರ ಒಡೆದರೆ ಹಾರ್ಮೋನಿನ ವೇಷ ಕಳಚಿ ಬೀಳುತ್ತದೆ. ಫ್ಯುಮೋನಿಸಿನ್‌ನಲ್ಲಿ ಎರಡು ಆಮ್ಲದ ಬಾಲಗಳನ್ನು ಕತ್ತರಿಸಬೇಕು. ಇದಕ್ಕೆ ಈಗ ಬಳಸುವುದು ಬಹುಪಾಲು ಸ್ಫಿಂಗೊಪಿಕ್ಸಿಸ್ ಬ್ಯಾಕ್ಟೀರಿಯಾದ ಜೀನಿನಿಂದ ತಯಾರಿಸಿದ ಕಿಣ್ವವನ್ನು, ಜೀವಂತ ಬ್ಯಾಕ್ಟೀರಿಯಾವನ್ನಲ್ಲ. ಓಕ್ರಟಾಕ್ಸಿನ್ ಅನ್ನು ನಡುವೆ ಕತ್ತರಿಸಿದರೆ ಓಕ್ರಟಾಕ್ಸಿನ್ ಆಲ್ಫಾ ಮತ್ತು ಫೀನೈಲ್ ಅಲನಿನ್ ಎಂಬ ಎರಡು ತುಂಡು. ತುಂಡಾದ ಮೇಲೆ ಅದರ ಕಾಟ ಬಹಳ ಕಡಿಮೆ.

ಈಗ ಪೊಟ್ಟಣ ತಿರುಗಿಸಿ ಓದಿ. ಒಳಗಿರುವುದು ಲ್ಯಾಕ್ಟೋಬ್ಯಾಸಿಲಸ್ ಮಾತ್ರವೇ? ಹಾಗಾದರೆ ಅದು ವಿಷವನ್ನು ಒಡೆಯುವುದಕ್ಕಿಂತ ತನ್ನ ಕೋಶದ ಗೋಡೆಗೆ ಅಂಟಿಸಿಕೊಳ್ಳುವುದೇ ಹೆಚ್ಚು. ಅಫ್ಲಾಟಾಕ್ಸಿನ್ ವಿಷಯದಲ್ಲಿ ಸತ್ತ ಲ್ಯಾಕ್ಟೋಬ್ಯಾಸಿಲಸ್ ಕೂಡ ಈ ಕೆಲಸ ಮಾಡುತ್ತದೆ. ಆದರೆ ಅಂಟಿದ್ದು ಮುಂದೆ ಕರುಳಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಳ್ಳಬಹುದು. ಬೆಂಟೊನೈಟ್ ಮಣ್ಣಿನಂಥ ಬೈಂಡರ್‌ಗಳೂ ಅಫ್ಲಾಟಾಕ್ಸಿನ್ ಹಿಡಿಯುವುದರಲ್ಲಿ ಗಟ್ಟಿಗ, ಡಾನ್ ಎದುರು ಮಾತ್ರ ನಿಷ್ಪ್ರಯೋಜಕ. ಆದ್ದರಿಂದ ಬೈಂಡರ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬೆರೆಸಿದ ಪುಡಿ ಹಾಕಿ, ಡಾನ್ ಇರುವ ಗೋಧಿ ತಿನ್ನಿಸಿ, ಹಂದಿ ತಿನ್ನುತ್ತಿಲ್ಲವೆಂದರೆ ಅಲ್ಲಿ ದೋಷವೇ ಇಲ್ಲ, ಆಗಬೇಕಾದದ್ದೇ ಆಗಿದೆ.

ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂದು ಬರೆದಿದ್ದರೆ ಇನ್ನೊಂದು ಪ್ರಶ್ನೆ ಕೇಳಬೇಕು: ಯಾವ ತಳಿ? ಝಿಯರಲೆನೋನ್ ಒಡೆಯುವ ಬ್ಯಾಸಿಲಸ್ ತಳಿಗಳಿವೆ, ಅಫ್ಲಾಟಾಕ್ಸಿನ್ ಕಡಿಮೆ ಮಾಡುವವೂ ಇವೆ. ಆದರೆ ಜಾತಿಯ ಹೆಸರು ಒಂದೇ ಎಂದ ಮಾತ್ರಕ್ಕೆ ಎಲ್ಲಕ್ಕೂ ಆ ಶಕ್ತಿ ಇರುವುದಿಲ್ಲ. ಮಾರುವವರು ತಳಿಯ ಸಂಖ್ಯೆ ಕೊಡದಿದ್ದರೆ, ಆ ತಳಿಯ ಮೇಲೆ, ಹಂದಿಯಲ್ಲೇ, ನಿಮ್ಮ ವಿಷದ ಎದುರೇ ಮಾಡಿದ ಪ್ರಯೋಗದ ವರದಿ ಕೊಡದಿದ್ದರೆ, ದುಡ್ಡು ಕೈಯಲ್ಲೇ ಇಟ್ಟುಕೊಳ್ಳಿ.

ವಿಷ ಮಾಯವಾಯಿತೇ, ವೇಷ ಬದಲಿಸಿತೇ?

ಗಾಜಿನ ಬಾಟಲಿಯ ಪ್ರಯೋಗದಲ್ಲಿ "ಝಿಯರಲೆನೋನ್ ಶೇಕಡಾ ಇಷ್ಟು ಕಡಿಮೆಯಾಯಿತು" ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಬೇಡಿ. ಕೆಲವು ಸೂಕ್ಷ್ಮಜೀವಿಗಳು ಉಂಗುರ ಒಡೆಯುವ ಬದಲು ಅದನ್ನು ಆಲ್ಫಾ ಝಿಯರಲೆನಾಲ್ ಆಗಿ ಬದಲಿಸುತ್ತವೆ. ಮೂಲ ವಿಷವನ್ನಷ್ಟೇ ಅಳೆಯುವ ಯಂತ್ರಕ್ಕೆ ಅದು ಕಡಿಮೆಯಾದಂತೆ ಕಾಣುತ್ತದೆ. ಆದರೆ ಈ ಹೊಸ ರೂಪದ ಹಾರ್ಮೋನ್ ಬಲ ಮೂಲಕ್ಕಿಂತ ಹೆಚ್ಚು. ಹಂದಿಯ ದೇಹ ತಾನೇ ಝಿಯರಲೆನೋನನ್ನು ಬಹುಪಾಲು ಇದೇ ರೂಪಕ್ಕೆ ತಿರುಗಿಸುತ್ತದೆ, ಅದು ಈ ವಿಷಕ್ಕೆ ಇಷ್ಟು ಬೇಗ ಬಲಿಯಾಗಲು ಅದೂ ಒಂದು ಕಾರಣ. ವರದಿಯಲ್ಲಿ ಶೇಕಡಾವಾರು ಇಳಿಕೆಯ ಜೊತೆಗೆ "ಏನಾಗಿ ಬದಲಾಯಿತು" ಎಂಬ ಸಾಲು ಇಲ್ಲದಿದ್ದರೆ ಆ ವರದಿ ಅರ್ಧದ್ದು.

ಇದರ ತದ್ವಿರುದ್ಧ ತಪ್ಪೂ ಅಷ್ಟೇ ಸಾಮಾನ್ಯ. ಬ್ಯಾಕ್ಟೀರಿಯಾ ಬೆರೆಸಿದ ಒಣ ಆಹಾರವನ್ನು ಲ್ಯಾಬ್‌ಗೆ ಕಳಿಸುತ್ತಾರೆ. ಡಾನ್ ಮೊದಲಿನಷ್ಟೇ ಇದೆ ಎಂದು ವರದಿ ಬರುತ್ತದೆ. "ನೋಡಿ, ಏನೂ ಆಗಿಲ್ಲ!" ಆಗುವುದಾದರೂ ಹೇಗೆ? ಒಣ ಪುಡಿಯಲ್ಲಿ ಬ್ಯಾಕ್ಟೀರಿಯಾ ಮಲಗಿರುತ್ತದೆ. ನೀರು, ಬೆಚ್ಚಗಿನ ತಾಪ ಸಿಕ್ಕಿ ಅದು ಏಳುವುದು ಹೊಟ್ಟೆಯಲ್ಲಿ. ಕರುಳಿನಲ್ಲಿ ಕೆಲಸ ಮಾಡುವ ಉತ್ಪನ್ನವನ್ನು ಒಣ ಆಹಾರದ ವಿಷದ ಸಂಖ್ಯೆಯಿಂದ ಅಳೆಯಬಾರದು. ಆ ಸಂಖ್ಯೆ ಬದಲಾಗಬೇಕಾದದ್ದು ನೆನೆಸಿ ಹುದುಗಿಸುವ ಪದ್ಧತಿಯಲ್ಲಿ ಮಾತ್ರ. ಅಲ್ಲಿ ಹುದುಗುವ ಮೊದಲಿನದು ಮತ್ತು ನಂತರದ್ದು ಎರಡನ್ನೂ ಕಳಿಸಿ, ಎರಡರ ತೇವಾಂಶವನ್ನೂ ಅಳೆಸಿ, ಒಣ ತೂಕದ ಲೆಕ್ಕಕ್ಕೆ ತಂದು ಹೋಲಿಸಿ. ನೀರು ಸೇರಿದ್ದರಿಂದಲೇ ಕಡಿಮೆ ಕಾಣುವ ಸಂಖ್ಯೆಯನ್ನು ಬ್ಯಾಕ್ಟೀರಿಯಾದ ಸಾಧನೆ ಎಂದುಕೊಳ್ಳುವುದು ಸುಲಭ.

ಧಾನ್ಯದ ಪರೀಕ್ಷೆಯಲ್ಲಿ ಕಡಿಮೆ, ಹಂದಿಯಲ್ಲಿ ಲಕ್ಷಣ ಜೋರು ಎಂಬ ಪರಿಸ್ಥಿತಿಯೂ ಬರುತ್ತದೆ. ಗಿಡ ತನ್ನ ರಕ್ಷಣೆಗೆ ಡಾನ್‌ಗೆ ಸಕ್ಕರೆಯ ಅಣು ಅಂಟಿಸಿ ಅಡಗಿಸಿರುತ್ತದೆ. ಕರುಳಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯನ್ನು ಬಿಡಿಸಿದಾಗ ಡಾನ್ ಹೊರಬರುತ್ತದೆ. ಬೂಷ್ಟೇ ಮಾಡುವ ಅಸಿಟೈಲ್ ಡಾನ್‌ಗಳೂ ಹೊಟ್ಟೆಯಲ್ಲಿ ಡಾನ್ ಆಗುತ್ತವೆ. ಸಂದೇಹವಿದ್ದರೆ ಸ್ಟ್ರಿಪ್ ಪರೀಕ್ಷೆ ಬಿಟ್ಟು, ಈ ರೂಪಗಳನ್ನೂ ಬೇರೆ ಬೇರೆಯಾಗಿ ತೋರಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಪರೀಕ್ಷೆ ಕೇಳಿ.

ತೊಟ್ಟಿ ತಲುಪುವಾಗ ಜೀವ ಉಳಿದಿದೆಯೇ?

ಲೆಕ್ಕ ಹಾಕಿ ನೋಡೋಣ. ಪುಡಿಯ ಒಂದು ಗ್ರಾಂನಲ್ಲಿ 100 ಕೋಟಿ ಜೀವಂತ ಬ್ಯಾಕ್ಟೀರಿಯಾ ಇದೆ ಎಂದು ಲೇಬಲ್ ಹೇಳುತ್ತದೆ ಎನ್ನಿ. ಟನ್‌ಗೆ 500 ಗ್ರಾಂ ಹಾಕಿದರೆ ಒಟ್ಟು 50,000 ಕೋಟಿ. ಟನ್ ಎಂದರೆ 10 ಲಕ್ಷ ಗ್ರಾಂ, ಹಾಗಾಗಿ ಆಹಾರದ ಪ್ರತಿ ಗ್ರಾಂನಲ್ಲಿ 5 ಲಕ್ಷ ಸಿಗಬೇಕು. ತೊಟ್ಟಿಯಿಂದ ತೆಗೆದ ಸ್ಯಾಂಪಲ್‌ನಲ್ಲಿ ಲ್ಯಾಬ್ ಎಣಿಸಿದ್ದು 5,000 ಎಂದಾದರೆ ನೂರಕ್ಕೆ ಒಂದು ಉಳಿದಿದೆ. ಇನ್ನು ಎಲ್ಲಿ ಸತ್ತಿತು ಎಂದು ಹುಡುಕಬೇಕು: ಪೊಟ್ಟಣ, ಮಿಕ್ಸರ್, ಆಹಾರವನ್ನು ಹಬೆ ಕೊಟ್ಟು ಗುಳಿಗೆ ಮಾಡುವ ಪೆಲೆಟ್ ಯಂತ್ರದ ಆಚೆ ಈಚೆ, ತೊಟ್ಟಿ, ಹೀಗೆ ಒಂದೊಂದು ಕಡೆಯಿಂದ ಒಂದೊಂದು ಸ್ಯಾಂಪಲ್. ಎಲ್ಲಿ ಸಂಖ್ಯೆ ಧೊಪ್ಪನೆ ಬೀಳುತ್ತದೋ ಅಲ್ಲೇ ದೋಷ.

ಬ್ಯಾಸಿಲಸ್ ಎಣಿಸುವಾಗ ಸ್ಯಾಂಪಲ್‌ನ ದ್ರಾವಣವನ್ನು 80 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ಆಮೇಲೆ ತಟ್ಟೆಗೆ ಹಾಕುತ್ತಾರೆ. ಬೀಜಕ (ಗಟ್ಟಿ ಕವಚದೊಳಗೆ ಮಲಗಿರುವ ರೂಪ) ಕಟ್ಟಿದವು ಮಾತ್ರ ಉಳಿಯುತ್ತವೆ. ಆದರೆ ಧಾನ್ಯದಲ್ಲಿ ಕಾಡು ಬ್ಯಾಸಿಲಸ್ ಬೀಜಕಗಳು ಇದ್ದೇ ಇರುತ್ತವೆ. ಪುಡಿ ಹಾಕದ ಆಹಾರದ ಸ್ಯಾಂಪಲ್ಲೂ ಜೊತೆಗೆ ಹೋಗದಿದ್ದರೆ ಆ ಎಣಿಕೆಗೆ ಅರ್ಥವಿಲ್ಲ. ಹಸುವಿನ ಮೊದಲ ಹೊಟ್ಟೆಯಿಂದ ಬಂದ, ಡಾನ್ ಒಡೆಯುವ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವೇ ಆಗದು; ಅದನ್ನು ಎಣಿಸಲು ಗಾಳಿಯಿಲ್ಲದ ಪೆಟ್ಟಿಗೆ ಇರುವ ಲ್ಯಾಬೇ ಬೇಕು. ಸಾಧಾರಣ ತಟ್ಟೆಯಲ್ಲಿ ಬೆಳೆಸಿ "ಒಂದೂ ಬೆಳೆಯಲಿಲ್ಲ" ಎಂದು ಕೊಟ್ಟ ವರದಿಯನ್ನು ಪಕ್ಕಕ್ಕಿಡಿ.

ಕೊಲ್ಲುವವರ ಪಟ್ಟಿಯಲ್ಲಿ ಪೆಲೆಟ್ ಯಂತ್ರದ ಹಬೆ ಮೊದಲನೆಯದು. ಬೀಜಕ ಕಟ್ಟುವ ಬ್ಯಾಸಿಲಸ್ ಅದನ್ನು ಸಾಮಾನ್ಯವಾಗಿ ದಾಟುತ್ತದೆ, ಬೀಜಕ ಕಟ್ಟದವುಗಳಿಗೆ ರಕ್ಷಣೆಯ ಕವಚ ಬೇಕು. ಉತ್ಪನ್ನ ಎಷ್ಟು ತಾಪದವರೆಗೆ ತಡೆಯುತ್ತದೆ ಎಂಬುದನ್ನು ಲೇಬಲ್ಲಿನಲ್ಲಿ ಓದಿ, ಯಂತ್ರದಲ್ಲಿ ಹಬೆ ಹಾಯಿಸುವ ಕಂಡಿಷನರ್‌ನ ತಾಪವನ್ನು ಡಯಲ್ ನಂಬದೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿ. ಇದೇ ಹಬೆ ಬೂಷ್ಟನ್ನೂ ಕೊಲ್ಲುತ್ತದೆ, ಆದರೆ ಅದು ಆಗಲೇ ಸುರಿಸಿದ ವಿಷವನ್ನು ಏನೂ ಮಾಡುವುದಿಲ್ಲ. ಪೆಲೆಟ್ ಆಹಾರ ನೋಡಲು ಚೊಕ್ಕಟ, ಬೂಷ್ಟಿನ ವಾಸನೆಯಿಲ್ಲ, ವಿಷ ಮಾತ್ರ ಹಾಗೇ.

ಎರಡನೆಯದು ಪ್ರೀಮಿಕ್ಸ್, ಅಂದರೆ ಜೀವಸತ್ವ, ಲವಣಗಳ ಸಿದ್ಧ ಮಿಶ್ರಣ. ಕೋಲೀನ್ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದರ ಜೊತೆಗೆ ತಾಮ್ರ, ಸತುವಿನ ಲವಣಗಳಿರುವ ಚೀಲದಲ್ಲಿ ಬ್ಯಾಕ್ಟೀರಿಯಾ ಪುಡಿಯನ್ನು ತಿಂಗಳುಗಟ್ಟಲೆ ಕೂರಿಸಿದರೆ ಎಣಿಕೆ ಇಳಿಯುತ್ತಾ ಹೋಗುತ್ತದೆ. ಪುಡಿಯನ್ನು ಬೇರೆಯಾಗಿಟ್ಟು, ಮಿಕ್ಸರ್‌ಗೆ ಅದೇ ದಿನ ಹಾಕುವುದು ಒಳ್ಳೆಯದು. ಮೂರನೆಯದು ಔಷಧ. ಆಹಾರದಲ್ಲೋ ನೀರಿನಲ್ಲೋ ಆಂಟಿಬಯೋಟಿಕ್ ನಡೆಯುತ್ತಿದ್ದರೆ ಬ್ಯಾಕ್ಟೀರಿಯಾ ಅದಕ್ಕೂ ಸಿಗುತ್ತದೆ. ಮರಿಗಳಿಗೆ ಭೇದಿ ಬಂತೆಂದು ಹಾಕಿದ ಔಷಧದ ದಿನಗಳನ್ನೂ, ಹಂದಿಗಳು ಮತ್ತೆ ತಿನ್ನುವುದು ಬಿಟ್ಟ ದಿನಗಳನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ, ಎಷ್ಟೋ ಸಲ ಉತ್ತರ ಅಲ್ಲೇ ಕೂತಿರುತ್ತದೆ. ನೆನೆಸಿ ಕೊಡುವ ಪದ್ಧತಿಯಲ್ಲಿ ಕ್ಲೋರಿನ್ ಹಾಕಿದ ನೀರೂ ಅದೇ ಕೆಲಸ ಮಾಡುತ್ತದೆ.

ಎಣಿಕೆ ಸರಾಸರಿ ಸರಿಯಿದ್ದು, ಒಂದು ಪೆನ್ನು ಚೇತರಿಸಿ ಇನ್ನೊಂದು ಹಾಗೇ ಉಳಿದಿದ್ದರೆ ಮಿಕ್ಸರ್ ನೋಡಿ. ಒಂದು ಬ್ಯಾಚ್‌ನ ಹತ್ತು ಕಡೆಯಿಂದ ಸ್ಯಾಂಪಲ್ ತೆಗೆದು ಉಪ್ಪಿನ ಅಂಶ ಅಳೆಸಿ. ವ್ಯತ್ಯಾಸದ ಗುಣಾಂಕ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಸಂಖ್ಯೆ) ಶೇಕಡಾ 10ರ ಒಳಗಿದ್ದರೆ ಕಲಸುವಿಕೆ ಸರಿ. ಟನ್‌ಗೆ ಅರ್ಧ ಕಿಲೋ ಪುಡಿಯನ್ನು ನೇರವಾಗಿ ಸುರಿಯುವ ಬದಲು ಮೊದಲು ಹತ್ತು ಕಿಲೋ ಹಿಟ್ಟಿನಲ್ಲಿ ಕಲಸಿಕೊಂಡರೆ ಈ ಸಮಸ್ಯೆ ಅರ್ಧ ಕಡಿಮೆ.

ಹೊಟ್ಟೆಯೊಳಗಿನ ಸಾಕ್ಷಿ

ಮೇಲಿನದೆಲ್ಲ ಸರಿಯಿದ್ದೂ ಫಲ ಕಾಣದಿದ್ದರೆ ರಕ್ತ ಅಥವಾ ಮೂತ್ರ ಪರೀಕ್ಷೆಗೆ ಹೋಗಿ. ಒಂದೇ ಧಾನ್ಯ ತಿನ್ನುವ ಎರಡು ಪೆನ್ನು ಬೇಕು, ಒಂದಕ್ಕೆ ಪುಡಿ ಸಹಿತ, ಒಂದಕ್ಕೆ ರಹಿತ. ಡಾನ್ ಹಂದಿಯ ಸಣ್ಣ ಕರುಳಿನ ಮೇಲ್ಭಾಗದಲ್ಲೇ, ತಿಂದ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹೋಗುತ್ತದೆ, ಬಹುಪಾಲು ಮೂತ್ರದಲ್ಲಿ ಹೊರಬರುತ್ತದೆ. ಪುಡಿ ತಿಂದ ಪೆನ್ನಿನ ಮೂತ್ರದಲ್ಲಿ ಡಾನ್ ಸ್ಪಷ್ಟವಾಗಿ ಕಡಿಮೆ ಇರಬೇಕು. ಯಕೃತ್ತು ಡಾನ್‌ಗೆ ಗ್ಲುಕುರೊನಿಕ್ ಆಮ್ಲ ಅಂಟಿಸಿ ಗ್ಲುಕುರೊನೈಡ್ ರೂಪದಲ್ಲಿ ಕಳಿಸುವುದರಿಂದ ಆ ರೂಪವನ್ನೂ ಎಣಿಸುವಂತೆ ಲ್ಯಾಬ್‌ಗೆ ಮೊದಲೇ ಹೇಳಿ.

ಸಗಣಿಯಲ್ಲಿ ಡಾಮ್-1 ಸಿಕ್ಕಿತೆಂದು ಸಂಭ್ರಮಿಸುವ ಮುನ್ನ ಒಂದು ಮಾತು. ಕೆಲವು ಹಂದಿಗಳ ದೊಡ್ಡ ಕರುಳಿನಲ್ಲಿ ಡಾನ್ ಒಡೆಯುವ ಸೂಕ್ಷ್ಮಜೀವಿಗಳು ತಾವಾಗಿಯೇ ಇರುತ್ತವೆ. ಅಷ್ಟು ಕೆಳಗೆ ಒಡೆದರೆ ಹಂದಿಗೆ ಲಾಭವಿಲ್ಲ, ವಿಷ ಆಗಲೇ ರಕ್ತ ಸೇರಿಯಾಗಿದೆ. ಹೀಗಾಗಿ ಸಗಣಿಯ ಡಾಮ್-1 ಪುಡಿಯ ಗೆಲುವಿನ ಸಾಕ್ಷಿಯಲ್ಲ. ಮೂತ್ರದ, ರಕ್ತದ ಡಾನ್ ಇಳಿದದ್ದೇ ಸಾಕ್ಷಿ. ಸಗಣಿಯಲ್ಲಿ ಡಾಮ್-1 ಇದ್ದು ಮೂತ್ರದಲ್ಲಿ ಡಾನ್ ಇಳಿದಿಲ್ಲವೆಂದರೆ ಬ್ಯಾಕ್ಟೀರಿಯಾ ತಡವಾಗಿ ಏಳುತ್ತಿದೆ ಅಥವಾ ಮೇಲಿನ ಕರುಳಿಗೆ ಸಾಕಾಗುವಷ್ಟು ಸಂಖ್ಯೆಯಲ್ಲಿ ಹೋಗುತ್ತಿಲ್ಲ. ಮೊದಲು ಪ್ರಮಾಣವನ್ನು ಲೇಬಲ್ಲಿನ ಗರಿಷ್ಠ ಮಿತಿಯೊಳಗೆ ಏರಿಸಿ ನೋಡಿ. ಅದರಿಂದಲೂ ಆಗದಿದ್ದರೆ ಉತ್ಪನ್ನ ಬದಲಿಸಿ.

ಯಾರೂ ನೋಡದ ಮೂಲಗಳು

ಆಹಾರ ಶುದ್ಧ, ಲಕ್ಷಣ ಮಾತ್ರ ನಿಂತಿಲ್ಲ ಎನ್ನುವಾಗ ಹಾಸಿಗೆಯ ಹುಲ್ಲನ್ನು ಪರೀಕ್ಷೆಗೆ ಕಳಿಸಿ. ಫ್ಯುಸೇರಿಯಂ ಹಿಡಿದ ಬೆಳೆಯ ಗೋಧಿ ಹುಲ್ಲಿನಲ್ಲಿ ಡಾನ್, ಝಿಯರಲೆನೋನ್ ಎರಡೂ ಇರಬಹುದು, ಗಬ್ಬದ ಹಂದಿಗಳು ಅದನ್ನು ಅಗಿಯುತ್ತಲೇ ಇರುತ್ತವೆ. ಆಲ್ಕೊಹಾಲ್ ಕಾರ್ಖಾನೆಯಿಂದ ಬರುವ ಒಣಗಿಸಿದ ಧಾನ್ಯದ ಚರಟ ಇನ್ನೊಂದು ಮೂಲ. ಪಿಷ್ಟ ಹುದುಗಿ ಹೋದ ಮೇಲೆ ಉಳಿದದ್ದರಲ್ಲಿ ವಿಷ ಮೂಲ ಧಾನ್ಯಕ್ಕಿಂತ ಸುಮಾರು ಮೂರು ಪಟ್ಟು ಸಾಂದ್ರವಾಗಿರುತ್ತದೆ. ತೊಟ್ಟಿಯ ಮೂಲೆಯ ಹಳೆಯ ಮುದ್ದೆ, ಸೈಲೋ ಗೋಡೆಗೆ ಅಂಟಿದ ಹೆಪ್ಪು ಇವನ್ನೂ ಕೆರೆದು ತೆಗೆಯಿರಿ. ಈ ಬ್ಯಾಕ್ಟೀರಿಯಾಗಳ ಕೆಲಸ ವಿಷ ಒಡೆಯುವುದು. ಶೇಖರಣೆಯಲ್ಲಿ ಹೊಸ ಬೂಷ್ಟು ಬೆಳೆಯದಂತೆ ತಡೆಯಲು ಧಾನ್ಯದ ತೇವ ಶೇಕಡಾ 14ರ ಕೆಳಗಿರಲೇಬೇಕು.

ಪುಡಿಯ ಕೈ ಮೀರಿದಾಗ

ಡಾನ್ ನಾಲ್ಕೈದು ಪಿಪಿಎಂ ಇರುವ ಆಹಾರಕ್ಕೆ ಪುಡಿಯೊಂದೇ ಉತ್ತರವಲ್ಲ. ಮೊದಲು ಧಾನ್ಯವನ್ನು ಜರಡಿ ಹಿಡಿದು ನುಚ್ಚು, ದೂಳು, ಸುಕ್ಕಿದ ಕಾಳುಗಳನ್ನು ತೆಗೆಯಿರಿ, ವಿಷದ ದೊಡ್ಡ ಪಾಲು ಅವುಗಳಲ್ಲೇ ಇರುತ್ತದೆ. ಆಮೇಲೆ ಶುದ್ಧ ಧಾನ್ಯದೊಂದಿಗೆ ಬೆರೆಸಿ ಮಟ್ಟ ಇಳಿಸಿ, ಉಳಿದದ್ದಕ್ಕೆ ಬ್ಯಾಕ್ಟೀರಿಯಾ. ಅಫ್ಲಾಟಾಕ್ಸಿನ್‌ಗೆ ಈ ದಾರಿ ಎಲ್ಲೆಡೆ ತೆರೆದಿಲ್ಲ. ಮಿತಿ ಮೀರಿದ ಸರಕನ್ನು ಶುದ್ಧ ಸರಕಿನಲ್ಲಿ ಬೆರೆಸಿ ಮಿತಿಯೊಳಗೆ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ನಿಮ್ಮ ದೇಶದ ನಿಯಮ ನೋಡಿಕೊಳ್ಳಿ. ಮಿತಿ ಮೀರಿದ ಡಾನ್ ಧಾನ್ಯವಿದ್ದರೆ ಅದನ್ನು ಬೆಳೆದ ದನಗಳ ಕಡೆಗೆ ತಿರುಗಿಸಿ, ಹಾಲು ಬಿಟ್ಟ ಮರಿಗಳು, ಗಬ್ಬದ ಮತ್ತು ಹಾಲೂಡುವ ತಾಯಂದಿರ ತೊಟ್ಟಿಗೆ ಅದು ಬೀಳದಂತೆ ನೋಡಿಕೊಳ್ಳಿ. ಪ್ರತಿ ಬ್ಯಾಚ್‌ನಿಂದ ಒಂದು ಕಿಲೋ ಆಹಾರ ತೆಗೆದು, ತಾರೀಖು, ಧಾನ್ಯದ ಮೂಲ, ಪುಡಿಯ ಲಾಟ್ ಸಂಖ್ಯೆ ಬರೆದು, ಅದನ್ನು ತಿಂದ ಹಂದಿಗಳು ಹೊರಹೋಗುವವರೆಗೆ ಫ್ರೀಜರ್‌ನಲ್ಲಿಡಿ.